ಮಾಯಿಲಪ್ಪನ ಹುಲ್ಲಿನ ಕೋಟು

"ಈ ವರ್ಷ ಹಂದಿ ತಲೆ ನಮ್ಮ ಅಂಗಳಕ್ಕೆ ಬಾರದಿದ್ರೆ ನಾ ಇನ್ನು ಕೋವಿ ಮುಟ್ಟುದೇ ಇಲ್ಲೆ, ತಿಳ್ಕೋ!" ಎಂದು ಮಾಯಿಲಪ್ಪ ಜಗಲಿಯ ಮೇಲೆ ನಿಂತು ಘೋಷಿಸಿದ.

"ಹೋದ ವರ್ಷ ಹೇಳಿದ್ದೂ ಇದನ್ನೇ," ಎಂದಳು ಹೆಂಡತಿ ತಂಗಮ್ಮ, ಕೇರುತ್ತಿದ್ದ ಮೊರದಿಂದ ತಲೆಯೆತ್ತದೆ.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿ, ಮಡಿಕೇರಿಯಲ್ಲಿ ತನ್ನದೇ ಮಂತ್ರಿಗಳನ್ನು ಇಟ್ಟುಕೊಂಡು ಬೀಗುತ್ತಿದ್ದ ಕಾಲ ಅದು. ಮಾಯಿಲಪ್ಪನಿಗೆ ಮಾತ್ರ ಬೀಗಲು ಏನೂ ಇರಲಿಲ್ಲ. ಬೇಟೆಯಲ್ಲಿ ಹಂದಿ ಹೊಡೆದವನಿಗೆ ತಲೆ. ಉಳಿದದ್ದರಲ್ಲಿ ಬಂದವರಿಗೆಲ್ಲ ಒಂದೊಂದು ಪಾಲು, ಬಂದ ನಾಯಿಗೂ ಒಂದು ಪಾಲು. ನಾಲ್ಕು ವರ್ಷದಿಂದ ಅವನು ಮನೆಗೆ ತಂದದ್ದು ನಾಯಿಯ ಪಾಲಿನಷ್ಟೇ! ತಲೆ ಹೊತ್ತು ಹೋಗುತ್ತಿದ್ದವನು ತಂಗಮ್ಮನ ತಮ್ಮ ಮೊಣ್ಣಪ್ಪ. "ಭಾವ, ಈ ಸಲವೂ ನಿಮ್ಗೂ ನಮ್ಮ ನಾಯಿಗೂ ಸರಿಸಮ ಬಂತಲ್ಲಾ!" ಎಂದು ಹಲ್ಲು ಕಿರಿದೇ ಹೋಗುತ್ತಿದ್ದ. ಆ ಮಾತು ನೆನಪಾದಾಗೆಲ್ಲ ಮಾಯಿಲಪ್ಪನಿಗೆ ಅನ್ನ ಸೇರುತ್ತಿರಲಿಲ್ಲ.

ತಪ್ಪು ತನ್ನ ಗುರಿಯದ್ದಲ್ಲ, ಬಟ್ಟೆಯದ್ದು ಎಂಬ ಮಹಾಸತ್ಯ ಅವನಿಗೆ ಆ ವರ್ಷ ಹೊಳೆಯಿತು. ಅವರ ಊರು ಹುದಿಕೇರಿಯ ಮೇಲಿನ ಗುಡ್ಡದಲ್ಲಿ ಮರದ ಮರೆಯಿಲ್ಲ, ಬರೀ ಹುಲ್ಲು. ಅಲ್ಲಿ ಬಿಳಿ ಶರಟು ತೊಟ್ಟು ಕುಳಿತರೆ ಹಂದಿಗೇನು ಕಣ್ಣಿಲ್ಲವೇ? ಕೂಡಲೇ ಅಮ್ಮತ್ತಿ ಸಂತೆಗೆ ಹೋಗಿ, ಬರ್ಮಾ ಯುದ್ಧದಲ್ಲಿ ಮಿಕ್ಕಿದ ಮಿಲಿಟರಿ ಅಂಗಿ ತಂದ. ಎಲೆಹಸಿರು ಬಟ್ಟೆ, ಮೇಲೆ ಕಡುಹಸಿರು ಮಚ್ಚೆ. ತೊಟ್ಟುಕೊಂಡು ಮನೆ ಹಿಂದಿನ ಹುಲ್ಲಿನಲ್ಲಿ ಕುಕ್ಕರಿಸಿ ಕೂಗಿದ.

"ತಂಗಮ್ಮಾ! ನಾ ಎಲ್ಲಿದ್ದೇನೆ ಹೇಳು ನೋಡುವಾ!"

"ಎದ್ರಿಗೇ! ಮಕರ ತಿಂಗಳ ಹುಲ್ಲು, ಒಣಗಿ ಹಳದಿ ಉಂಟು. ನೀವೊಬ್ರೇ ಹಸಿರು. ದನ ಕಂಡ್ರೆ ಮೊದ್ಲು ನಿಮ್ಮನ್ನೇ ಮೇಯ್ದೀತು!"

ಮಾಯಿಲಪ್ಪ ಹಲ್ಲು ಕಚ್ಚಿಕೊಂಡು ಎದ್ದ. ಹೆಂಡತಿಯ ಮಾತು ಸರಿಯಿತ್ತು, ಅದೇ ಅವನಿಗೆ ತಡೆಯಲಾಗದ್ದು. ಹಳದಿ ಬೇಕೇ? ಕಾಫಿ ತುಂಬುವ ಎರಡು ಗೋಣಿಚೀಲ ಕತ್ತರಿಸಿ ಕೋಟು ಮಾಡಿದ. ಕೊಟ್ಟಿಗೆಯ ಅಟ್ಟದಿಂದ ಬೈಹುಲ್ಲು ಇಳಿಸಿ ದಬ್ಬಣದಲ್ಲಿ ಅದರ ತುಂಬಾ ಹೊಲಿದ. ಹುಲ್ಲು ಉದುರತೊಡಗಿದಾಗ, ಅಂಟಿಕೊಳ್ಳಲಿ ಎಂದು ಒಲೆಯ ಪಕ್ಕದ ಪಾತ್ರೆಯ ಗಂಜಿಯನ್ನೆಲ್ಲ ಮೇಲೆ ಸುರಿದ.

"ಅಯ್ಯೋ! ಅದು ಕೆಂಪಿಗೆ ಉಪ್ಪು ಹಾಕಿ ಇಟ್ಟ ಗಂಜಿ! ಅದ್ರ ಹುಲ್ಲೂ ತೆಗ್ದಿರಿ, ಗಂಜಿಯೂ ತೆಗ್ದಿರಿ. ಇನ್ನು ಆ ದನಕ್ಕೆ ಎಂತ ಕೊಡ್ದು, ನನ್ನ ತಲೆಯಾ?"

"ಒಂದು ದಿನ ಗಂಜಿ ಇಲ್ಲೆಂದ್ರೆ ದನ ಸಾಯುದಿಲ್ಲೆ. ಗುಡ್ಡಕ್ಕೆ ಬಿಡು, ಮೇಯ್ಲಿ!"

ಕೊಯ್ಲು ಮುಗಿದ ಮೇಲೆ ಊರಿನ ದನಗಳೆಲ್ಲ ಆ ಗುಡ್ಡದಲ್ಲೇ ಮೇಯುವುದು. ಮರುದಿನ, ಬೇಟೆಯ ದಿನವೇ, ಹೊಟ್ಟೆ ಹಸಿದ ಕೆಂಪಿಯೂ ಹೋಯಿತು.

ಅಂದು ಎಲ್ಲರಿಗಿಂತ ಮೊದಲೇ ಗುಡ್ಡ ಹತ್ತಿ, ಕೋಟು ತೊಟ್ಟು ಕುಳಿತ ಮಾಯಿಲಪ್ಪ ಹುಲ್ಲಿನಲ್ಲಿ ಹುಲ್ಲಾದ. ಹಿಂದೆ ಬಂದ ಮೊಣ್ಣಪ್ಪ ಮಾರು ದೂರದಲ್ಲೇ ಹಾದು ಹೋದರೂ ಗುರುತು ಹಿಡಿಯಲಿಲ್ಲ. ಮಾಯಿಲಪ್ಪನಿಗೆ ಕುಣಿಯುವಷ್ಟು ಖುಷಿ! ಕೆಳಗೆ ಕಾಡಿನಂಚಿನಲ್ಲಿ ಹಂದಿ ಎಬ್ಬಿಸುವವರ ಕೂಗು ಎದ್ದಿತು, ನಾಯಿಗಳು ಬೊಗಳಿದವು. ಕೊಬ್ಬಿದ ಒಂಟಿ ಹಂದಿ ನೇರ ಅವನತ್ತಲೇ ಓಡಿ ಬಂತು. ಅವನು ಕೋವಿ ಎತ್ತಹೋದ.

ಬಲಗೈ ಮಾತ್ರ ಏಳಲಿಲ್ಲ. ಕೋಟಿನ ತೋಳು ಕೆಂಪಿಯ ಬಾಯಲ್ಲಿತ್ತು!

"ಹೋಗ್, ಹೋಗ್! ಕೆಂಪಿ, ಬಿಡೇ ಮಾರಾಯ್ತಿ!" ಎಂದು ಪಿಸುಗುಟ್ಟಿದ. ಯಜಮಾನನ ದನಿ ಕೇಳಿದ್ದೇ ತಡ, ಕೆಂಪಿ ಬಾಯ್ತುಂಬ ಹುಲ್ಲಿಟ್ಟುಕೊಂಡೇ "ಅಂಬಾ" ಎಂದಿತು. ಹಂದಿ ಬೆಚ್ಚಿ ಎಡಕ್ಕೆ ತಿರುಗಿತು. ಎಡಕ್ಕೆ ಕುಳಿತಿದ್ದವನು ಮೊಣ್ಣಪ್ಪ. ಢಂ!

ಊರಿಗೆ ಹಿರಿಯ ಕೂಸಪ್ಪಜ್ಜ ಪಾಲು ಹಂಚಲು ಕುಳಿತ. ಎಲ್ಲರ ಹೆಸರು ಕೂಗಿಯಾಯಿತು, ನಾಯಿಗಳದ್ದೂ ಆಯಿತು. ಅರ್ಧ ಕೋಟಿನಲ್ಲಿ ನಿಂತ ಮಾಯಿಲಪ್ಪ ಕೈ ಚಾಚಿದ.

"ಅಜ್ಜಾ, ನನ್ನ ಪಾಲು?"

"ನೀನು ಬೇಟೆಗೆ ಎಲ್ಲಿ ಬಂದಿದ್ದೆ ಮಾರಾಯ? ನಾ ಬಂಡೆ ಮೇಲೆ ನಿಂತು ಇಡೀ ಗುಡ್ಡ ಕಂಡೆ. ಒಂದು ದನ ಹುಲ್ಲು ಮೇಯ್ತಿತ್ತು, ಅಷ್ಟೇ. ಯಾರಾದ್ರೂ ಇವನನ್ನು ಕಂಡಿರಾ?"

ಯಾರೂ ಕಂಡಿರಲಿಲ್ಲ.

"ಅದೇ ಅಜ್ಜಾ, ನನ್ನ ಕೋಟಿನ ಮಹಿಮೆ!"

"ಮಹಿಮೆ ಇರ್ಲಿ. ಕಾಣದವ್ನಿಗೆ ಪಾಲು ಇಲ್ಲೆ."

ಮೊಣ್ಣಪ್ಪ ಗಂಟಲು ಸರಿಮಾಡಿಕೊಂಡ. "ಆದ್ರೆ ಅಜ್ಜಾ, ಹಂದಿಯನ್ನು ನನ್ನತ್ತ ತಿರುಗಿಸಿದ್ದು ಆ ದನ. ನಾಯಿಗೆ ಪಾಲು ಉಂಟು ಅಂದ್ಮೇಲೆ ಅದಕ್ಕೂ ಒಂದು ಕೊಡುದು ನ್ಯಾಯ."

ಕೂಸಪ್ಪಜ್ಜ ತಲೆದೂಗಿದ. ಬಾಳೆಲೆಯಲ್ಲಿ ಕಟ್ಟಿದ ಕೆಂಪಿಯ ಪಾಲನ್ನು ಹಿಡಿದು, ಕೆಂಪಿಯ ಹಿಂದೆ ಮಾಯಿಲಪ್ಪ ಗುಡ್ಡ ಇಳಿದ.

ಮಧ್ಯಾಹ್ನ ಸಾರಿನ ಘಮ ಮನೆಯೆಲ್ಲ ಹರಡಿತ್ತು. ಅವನು ಬೇಗಬೇಗ ಕೈ ತೊಳೆದು ಬಂದು ಮಣೆಯ ಮೇಲೆ ಕುಳಿತ. ತಂಗಮ್ಮ ಮಾಂಸವನ್ನೆಲ್ಲ ತನ್ನ ತಟ್ಟೆಗೆ ಬಡಿಸಿಕೊಂಡಳು. ಅವನ ಮುಂದೆ ಒಂದು ಬಟ್ಟಲನ್ನು ಕುಕ್ಕಿದಳು.

"ಇದೆಂತ?"

"ಗಂಜಿ. ಉಪ್ಪು ಹಾಕಿ ಉಂಟು. ಕೆಂಪಿ ಹೇಗೂ ಮಾಂಸ ತಿನ್ನುದಿಲ್ಲೆ, ಅದ್ರ ಪಾಲು ನಂಗಾಯ್ತು. ಅದ್ರ ಗಂಜಿ ಮೇಲೆ ನಿಮ್ಗೇ ಆಸೆ ಅಲ್ವಾ? ಕುಡೀರಿ!"