ಕಿವಿಯೊಳಗೆ ಓಡಾಡುವವನು

ದಿಂಬಿನ ಕಾರ್ಖಾನೆಯಲ್ಲಿ ಗರಿ ತುಂಬುವ ಯಂತ್ರದ ಗಂಟೆ ಪುಕ್ಕಣ್ಣನಿಗೆ ಕೇಳಿಸಲೇ ಇಲ್ಲ. ದಿಂಬು ಬಸುರಿ ಎಮ್ಮೆಯಂತೆ ಉಬ್ಬಿ ಢಬ್ಬೆಂದು ಒಡೆಯಿತು. ಬಿಳಿ ಮಬ್ಬಿನೊಳಗಿಂದ ಮೇಸ್ತ್ರಿ ಎದ್ದು ಬಂದದ್ದು ಅರ್ಧ ಪುಕ್ಕ ಕಿತ್ತ ಕೋಳಿಯ ಹಾಗೆ.

"ಏನೋ, ಕಿವಿ ಅಡವಿಟ್ಟಿದ್ದೀಯಾ? ಇವತ್ತೇ ಡಾಕ್ಟರಿಗೆ ತೋರಿಸ್ಕೊಂಡು ಬಾ. ಇಲ್ಲಾಂದ್ರೆ ಕೆಲಸ ಹೋಯ್ತು ಅಂದ್ಕೋ."

ಶೆಡ್ಡಿನಲ್ಲಿ ಹೊಲಿಯುತ್ತಿದ್ದವರು ಯಾರೂ ತಲೆಯೆತ್ತಲಿಲ್ಲ.

ಪುಕ್ಕಣ್ಣನ ಕಿವಿಯೊಳಗೆ ಕೆಲವು ದಿನಗಳಿಂದ ಯಾರೋ ವಾಸವಾಗಿದ್ದರು. ಎಂಜಲು ನುಂಗಿದರೆ ಒಳಗೆಲ್ಲೋ ಬಾಗಿಲು ತೆರೆಯುತ್ತಿತ್ತು. ಮಲಗಿದರೆ ಹೆಜ್ಜೆ ಸಪ್ಪಳ. "ಯಾರು?" ಎಂದರೆ, ಬಾವಿಯ ತಳದಿಂದೆಂಬಂತೆ ಅವನದೇ ದನಿ "ಯಾರು?" ಎನ್ನುತ್ತಿತ್ತು.

ಪಕ್ಕದ ಹೊಲಿಗೆ ಅಕ್ಕನಿಗೆ ಕಿವಿ ಮುಟ್ಟಿ ತೋರಿಸಿದ.

"ಗೊತ್ತು ಬಿಡೋ ತಮ್ಮಾ," ಅಕ್ಕ ಊರಿಗೆಲ್ಲ ಕೇಳುವಂತೆ ಪಿಸುಗುಟ್ಟಿದಳು. "ನಿನಗಿಂತ ಮುಂಚೆ ಆ ಸ್ಟೂಲಲ್ಲಿ ಕೂತಿದ್ದವನ ಕಿವೀಲೂ ಒಬ್ಬ ಓಡಾಡ್ತಿದ್ದ. ಕೂತವನು ಹೋದ. ಓಡಾಡೋನು ಇಲ್ಲೇ ಉಳ್ಕೊಂಡ."

"ಎಲ್ಲಿಗೆ ಹೋದ ಅಕ್ಕಾ?"

ಅಕ್ಕ ಆಗಲೇ ಅತ್ತ ತಿರುಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಕಿವಿ ಡಾಕ್ಟರು ಇಣುಕಿ ನೋಡಿ, ಕೂಗಿ ಹೇಳಿದರು: "ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲ! ಗರಿ ಧೂಳು ಮೂಗಿಗೆ ಹೋದ ಕೂಡಲೆ ನಿನ್ನ ಮೈ ಕಳ್ಳ ಬಂದ ಅಂತ ಕಾವಲು ಪಡೇನ ಓಡಿಸುತ್ತೆ. ಅವರ ಗಲಾಟೆಗೆ ಮೂಗಿಂದ ಕಿವಿಗೆ ಹೋಗೋ ಕೊಳವೆ ಊದಿಕೊಂಡು, ಕಿವಿತಮಟೆ ಹಿಂದೆ ನೀರು ನಿಂತಿದೆ. ನಿಂಗೆ ಕೇಳಿಸ್ತಿರೋದು ನಿನ್ನದೇ ಉಸಿರು, ನಿನ್ನದೇ ನಾಡಿ. ಮದ್ದು ಕೊಡ್ತೀನಿ. ಆದ್ರೆ ಶೆಡ್ಡಿಗೆ ಧೂಳೆಳೆಯೋ ಫ್ಯಾನ್ ಹಾಕ್ಸದೆ ಇದು ಹೋಗಲ್ಲ."

ಪುಕ್ಕಣ್ಣ ಹಾರುತ್ತಲೇ ಬಂದು ಡಾಕ್ಟರ ಮಾತನ್ನೆಲ್ಲ ಕಾರ್ಖಾನೆಯ ಧಣಿಗೆ ಒಪ್ಪಿಸಿದ.

"ಅಂದ್ರೆ ನನ್ನ ಗರಿ ಏನೂ ಮಾಡಿಲ್ಲ," ಧಣಿ ನಕ್ಕ. "ನಿನ್ನ ಮೈಯೇ ನಿನ್ನ ಮೇಲೆ ದಂಗೆ ಎದ್ದಿದೆ. ಅದಕ್ಕೆ ನಾನು ಫ್ಯಾನ್ ಹಾಕಿಸ್ಬೇಕಾ?"

"ಎಲ್ಲರೂ ಕುಡಿಯೋದು ಅದೇ ಧೂಳು, ಧಣೀ..."

"ಕೇಳೇ ಬಿಡೋಣ." ಧಣಿ ಶೆಡ್ಡಿನ ಬಾಗಿಲಲ್ಲಿ ನಿಂತು ಗುಡುಗಿದ: "ಯಾರಿಗೆ ಕಿವಿಯೊಳಗೆ ಸದ್ದು ಬರ್ತಿದೆ? ಕೈ ಎತ್ತಿ! ಒಬ್ಬರು ಎತ್ತಿದ್ರೂ ಫ್ಯಾನ್ ಹಾಕಿಸ್ತೀನಿ!"

ಯಂತ್ರ ನಿಂತಿತ್ತು. ಗರಿಗಳು ಸದ್ದಿಲ್ಲದೆ ಇಳಿಯುತ್ತಿದ್ದವು. ಒಂದು ಕೈಯೂ ಏಳಲಿಲ್ಲ, ಒಂದು ತಲೆಯೂ ತಿರುಗಲಿಲ್ಲ. ಸೂಜಿಗಳಷ್ಟೇ ಏರುತ್ತ ಇಳಿಯುತ್ತ ಇದ್ದವು.

"ನೋಡಿದ್ಯಾ? ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ. ನಾಳೆಯಿಂದ ನೀನು ಬರಬೇಡ."

ಪುಕ್ಕಣ್ಣ ಓಡಿಹೋಗಿ ಅಕ್ಕನ ಭುಜ ಹಿಡಿದು ಅಲುಗಿಸಿದ. "ಅಕ್ಕಾ, ಕೈ ಎತ್ತು ಅಕ್ಕಾ!"

ಅಕ್ಕ ಅವನ ತುಟಿಗಳನ್ನೇ ನೋಡಿದಳು. ಕಿವಿಗೆ ಬೆರಳು ತುರುಕಿ ಗಿರಗಿರ ತಿರುಗಿಸಿ, ಊರಿಗೆಲ್ಲ ಕೇಳುವಂತೆ ಪಿಸುಗುಟ್ಟಿದಳು:

"ಏನೋ ತಮ್ಮಾ, ಊಟದ ಗಂಟೆ ಹೊಡೀತಾ?"