ಹೊಸ್ತಿಲಿಲ್ಲದ ಮನೆ

ನಾನು ಹೇಳುವುದನ್ನು ನಂಬಬೇಡಿ. ಬೇಡಿಕೊಳ್ಳುತ್ತಿಲ್ಲ ಸ್ವಾಮಿ, ಪಂಥ ಕಟ್ಟುತ್ತಿದ್ದೇನೆ! ಕೊನೆಯವರೆಗೂ ಓದಿ, ಆಮೇಲೂ ನಂಬದೆ ಇದ್ದು ತೋರಿಸಿದರೆ ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಮಗೆ ಮಿರ್ಚಿ ಭಜಿ ಮತ್ತು ಚಹಾ ನನ್ನ ಖರ್ಚಿನಲ್ಲಿ. ಈ ಸೀಮೆಯಲ್ಲಿ ನನ್ನಷ್ಟು ಸುಳ್ಳು ಹೇಳಿಯೂ ಮರ್ಯಾದೆ ಉಳಿಸಿಕೊಂಡ ಮುದುಕ ಇನ್ನೊಬ್ಬನಿಲ್ಲ. ಆದರೆ ನಮ್ಮ ಮಾವನ ವಿಷಯ ಬಂದಾಗ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ. ಆ ಮನುಷ್ಯನ ಖರೇ ಸಂಗತಿಗಳೇ ನನ್ನ ಸುಳ್ಳುಗಳಿಗಿಂತ ದೊಡ್ಡವು!

ಮಾವ ಎಂದರೆ ನಮ್ಮಕ್ಕನ ಗಂಡ. ಎದುರಿಗೆ 'ರಿ' ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಹಚ್ಚುವುದಿಲ್ಲ, ಯಾಕೆಂದರೆ ಅವನು ನಕ್ಷೆ ಬಿಟ್ಟು ಬೇರೇನನ್ನೂ ಓದುವುದಿಲ್ಲ. ವಾಡಿಯ ಕಡೆ ಒಂದು ಕಾರ್ಖಾನೆಯಲ್ಲಿ ಕಟ್ಟಡಗಳ ನಕ್ಷೆ ತೆಗೆಯುವ ಕೆಲಸದಲ್ಲಿದ್ದ. ಅಲ್ಲಿ ಯಾವನೋ ಇಂಜಿನಿಯರು ಬಿಟ್ಟುಹೋದ ದಪ್ಪ ದಪ್ಪ ಪುಸ್ತಕಗಳಲ್ಲಿ ಪರದೇಶದ ಹೊಸ ಕಾಲದ ಮನೆಗಳ ಚಿತ್ರ ನೋಡಿದ. ನೋಡಿದವನು ಮತ್ತೆ ಮೊದಲಿನ ಮನುಷ್ಯನಾಗಲಿಲ್ಲ. ಕೆಲವರಿಗೆ ಮಠದ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು, ನಮ್ಮ ಮಾವನಿಗೆ ಚಪ್ಪಟೆ ಗೋಡೆಯ ಹುಚ್ಚು!

ಅವನ ಮತದ ಮೊದಲ ಮಂತ್ರ: ಕಟ್ಟಡದಲ್ಲಿ ಕೆಲಸವಿಲ್ಲದ ವಸ್ತು ಇರಕೂಡದು. ಕಮಾನಿನ ಮೇಲೆ ಕಲ್ಲಿನ ಹೂವು ಕೆತ್ತಿದ್ದರೆ ಅವನಿಗೆ ಅದು ಕಳ್ಳತನ ಕಂಡಷ್ಟೇ ಸಿಟ್ಟು. "ಆ ಹೂವಾ ಏನ್ ಮಾಡ್ತದ? ಭಾರಾ ಹೊರ್ತದೇನು? ಮಳಿ ತಡೀತದೇನು? ಮತ್ಯಾಕ ಕುಂತದ ಅಲ್ಲಿ?" ಎಂದು ಕೇಳುವನು. ಅವನ ಕಣ್ಣಿಗೆ ಈ ಸೀಮೆಯಲ್ಲಿ ಚಂದದ ಕಟ್ಟಡ ಯಾವುದು ಗೊತ್ತೇ? ಸಿಮೆಂಟು ತುಂಬಿಡುವ ದೊಡ್ಡ ಗೋಪುರ! ಮದುವೆಯಾದ ಹೊಸದರಲ್ಲಿ ನಮ್ಮಕ್ಕನನ್ನು ತಿರುಗಾಡಿಸಲು ಕರೆದೊಯ್ದದ್ದು ಅಲ್ಲಿಗೇ. ಹಸಿರು ಬಳೆ, ಇಳಕಲ್ ಸೀರೆಯಲ್ಲಿದ್ದ ಅಕ್ಕನನ್ನು ಬಿಸಿಲಲ್ಲಿ ನಿಲ್ಲಿಸಿ, "ನೋಡು, ಮೈಮ್ಯಾಲ ಒಂದು ಒಡವಿ ಇಲ್ಲ. ತನ್ನ ಕೆಲಸಾ ತಾ ಮಾಡ್ತದ. ಹೆಂಗ್ ನಿಂತದ ನೋಡು!" ಅಂದನಂತೆ.

ಅಕ್ಕ ಬಹಳ ಹೊತ್ತು ಕತ್ತೆತ್ತಿ ನೋಡಿ, ಕೈಮುಗಿದು ಕೇಳಿದಳಂತೆ: "ಭಾಳ ಚಂದ ಅದರಿ. ಒಳಗ ಯಾವ ದೇವ್ರು?"

ಇಂಥವನು ಮನೆ ಕಟ್ಟದೆ ಬಿಡುತ್ತಾನೆಯೇ? ಶಹಾಬಾದಿನ ಹೊರಗೆ, ಕಲ್ಲಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಜಾಗ ತೆಗೆದುಕೊಂಡ. ನೆಲ ಗಾಳಿಗೂ ಜನಕ್ಕೂ ಸೇರಿದ್ದು, ಮನೆ ಅದರ ಮೇಲೆ ಕೂರಬಾರದು ಎಂದು ಕಂಬಗಳ ಮೇಲೆ ಮನೆ ಎತ್ತಿದ. ನೆಲ ಗಾಳಿಗೂ ಜನಕ್ಕೂ ಸೇರಲಿಲ್ಲ, ಕತ್ತೆಗಳಿಗೆ ಸೇರಿತು! ಊರಿನ ಕಲ್ಲು ಹೊರುವ ಕತ್ತೆಗಳೆಲ್ಲ ಮಧ್ಯಾಹ್ನದ ನೆರಳಿಗೆ ಅಲ್ಲೇ. ಊಟಕ್ಕೆ ಕುಂತರೆ ಕೆಳಗಿನಿಂದ ಪಾಲು ಕೇಳಿದ ಹಾಗೆ ಒದರುತ್ತಿದ್ದವು.

ಮೇಲೆ ಹೋಗಲು ಮೆಟ್ಟಿಲಾದರೂ ಬೇಡವೇ? ಬೇಡವಂತೆ! ಮೆಟ್ಟಿಲು ನಡಿಗೆಯನ್ನು ತುಂಡು ಮಾಡುತ್ತದಂತೆ. ಉದ್ದಕ್ಕೆ ಒಂದು ಇಳಿಜಾರು ಕಟ್ಟಿಸಿದ. ಅದರ ಹಾಸುಗಲ್ಲಿನ ಫರಸಿಯೇ ಮುಂದುವರಿದು ನಡುಮನೆಯ ಫರಸಿಯಾಗುತ್ತಿತ್ತು. ನಡುವೆ ಗೆರೆಯಿಲ್ಲ, ತಡೆಯಿಲ್ಲ, ಹೊಸ್ತಿಲಿಲ್ಲ. ಬಾಗಿಲು ಪಕ್ಕಕ್ಕೆ ಸರಿದು ಗೋಡೆಯೊಳಗೆ ಅಡಗಿಬಿಟ್ಟರೆ ಮುಗಿಯಿತು, ಬೀದಿ ಯಾವುದು, ಮನೆ ಯಾವುದು?

ಮನೆಶಾಂತಿಯ ದಿನ ಬಂದ ಅಯ್ಯನವರು ಇಳಿಜಾರಿನ ನಡುವೆ ನಿಂತುಬಿಟ್ಟರು.

"ಹೊಸ್ತಿಲಾ ಎಲ್ಲಿ ಅದ? ಯಾವುದನ್ನ ದಾಟಿ ಬಲಗಾಲು ಇಡ್ಬೇಕು?"

"ಇಲ್ರಿ ಅಯ್ಯಾರ. ಒಳಗ ಹೊರಗ ಅನ್ನೋ ಭೇದಾನೇ ಇಲ್ಲ ಇದ್ರಾಗ. ಅದೇ ಇದರ ತತ್ವ."

"ಭೇದಾನೇ ಇಲ್ಲ ಅಂದ್ರ ನಾ ಇಲ್ಲೇ ಉಣ್ತೀನಿ ತಗೋ," ಎಂದು ಅಯ್ಯನವರು ಇಳಿಜಾರಿನಲ್ಲೇ ಕುಂತರು. ಹೋಳಿಗೆಯ ತಾಟು ಮೆಲ್ಲಗೆ ಜಾರಿತು. ಅಯ್ಯನವರು ನೋಡುತ್ತಿದ್ದಂತೆ ತುಪ್ಪದ ಸಮೇತ ಕೆಳಗಿಳಿದು ಕತ್ತೆಗಳ ಪಂಕ್ತಿ ಸೇರಿತು!

ಕಿಟಕಿಯ ಕಥೆ ಕೇಳಿ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದದ ಕಿಟಕಿ. ಒಳಗೆ ಕುಂತವರೆಲ್ಲ ಬಸ್ಸಿನಲ್ಲಿ ಕುಂತಂತೆ ಕಾಣುತ್ತಿದ್ದರು. ಇಷ್ಟು ಕಂಡ ಮೇಲೆ ನಾನು ಸುಮ್ಮನಿರುತ್ತೇನೆಯೇ? ಒಂದು ಸಂಜೆ ರಸ್ತೆಯಲ್ಲಿ ನಿಂತು ಕಂಡಕ್ಟರನ ದನಿಯಲ್ಲಿ ಕೂಗಿದೆ: "ವಾಡಿ, ಚಿತ್ತಾಪುರ, ಸೇಡಂ! ಬರ್ರಿ, ಬರ್ರಿ, ಜಾಗಾ ಅದ!" ಚೀಲ ಹಿಡಿದ ಒಬ್ಬ ಮುದುಕಿ ಖರೇನೇ ಇಳಿಜಾರು ಹತ್ತಿ, ಒಳಗೆ ಹೋಗಿ, ಕಿಟಕಿಯ ಬದಿಗೆ ಕುಂತಳು. ಅಕ್ಕ ಚಹಾ ಕೊಟ್ಟಳು. ಮುದುಕಿ ಕುಡಿದು, "ಯಾವಾಗ ಬಿಡ್ತದವ್ವಾ ಗಾಡಿ?" ಎಂದು ಕೇಳಿದಾಗ ಮಾವ ನಕ್ಷೆಯಿಂದ ಕತ್ತೆತ್ತಿ ನನ್ನ ಕಡೆ ನೋಡಿದ ನೋಟ ಇನ್ನೂ ಸುಡುತ್ತದೆ.

ನಕ್ಕಿರಾ? ನಾವೂ ನಕ್ಕೆವು. ಅಕ್ಕ ಮಾತ್ರ ಒಂದು ವಿಷಯದಲ್ಲಿ ನಗಲಿಲ್ಲ.

ಚಿಂಚೋಳಿ ಕಡೆಯ ನಮ್ಮ ತವರಿನಲ್ಲಿ ಮೊಣಕಾಲೆತ್ತರದ ಸಾಗವಾನಿ ಹೊಸ್ತಿಲಿತ್ತು. ಬೆಳಿಗ್ಗೆ ಎದ್ದು ಹೆಣ್ಣುಮಕ್ಕಳ ಮೊದಲ ಕೆಲಸ ಅದನ್ನು ತೊಳೆದು, ಒರೆಸಿ, ಅರಿಷಿಣ ಕುಂಕುಮ ಹಚ್ಚುವುದು. ಅದಾಗದೆ ಒಲೆ ಹೊತ್ತಿಸುವ ಹಾಗಿಲ್ಲ. ಅದನ್ನು ತುಳಿದರೆ ಅವ್ವ ಕೈಯಲ್ಲಿದ್ದುದನ್ನು ಬೀಸುತ್ತಿದ್ದಳು. ನನಗೆ ಹಾರೆ ಒಂದು ಬಿಟ್ಟು ಉಳಿದುದೆಲ್ಲ ಬಿದ್ದಿದೆ.

"ಒಂದು ಹೊಸ್ತಿಲಾ ಹಾಕಸ್ರಿ," ಎಂದು ಅಕ್ಕ ಕೇಳಿದಳು.

"ಅದರ ಕೆಲಸಾ ಏನು?" ಎಂದ ಮಾವ.

"ಮನ್ನೆ ಚೇಳು ಬಂತು."

"ಚೇಳಿಗಿ ಔಷಧ ಹೊಡಿಸೂಣು."

"ಮನಿ ಅಂದ್ರ ಹೊಸ್ತಿಲಾ ಇರ್ಬೇಕ್ರಿ."

"ಯಾಕ ಇರ್ಬೇಕು, ಅದು ಹೇಳು!"

ಅಕ್ಕನಿಗೆ ಹೇಳಲು ಬರಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಅವಳು ಬಾಗಿಲಲ್ಲಿ ಹೊಸ್ತಿಲು ಇರಬೇಕಾದ ಜಾಗದ ಫರಸಿಯನ್ನು ತೊಳೆದು, ಒರೆಸಿ, ಅಲ್ಲಿ ಅರಿಷಿಣ ಕುಂಕುಮ ಇಡತೊಡಗಿದಳು. ಇಲ್ಲದ ಹೊಸ್ತಿಲಿಗೆ ಪೂಜೆ! ಅಷ್ಟೇ ಅಲ್ಲ, ಆ ಜಾಗ ದಾಟುವಾಗ ಸೀರೆಯ ನಿರಿಗೆ ಹಿಡಿದು, ತವರಿನ ಹೊಸ್ತಿಲನ್ನು ದಾಟಿದಂತೆ ಕಾಲು ಮೇಲೆತ್ತಿ ಇಡುವಳು. ಅವಳನ್ನು ನೋಡಿ ಬಂದವರೂ ಎತ್ತುವರು. ಬರಿಯ ಗಾಳಿಯನ್ನು ದಾಟಿ ಒಳಬರುವ ನೆಂಟರ ಸಾಲನ್ನು ನೀವು ನೋಡಬೇಕಿತ್ತು! ಮಾವ ಹಲ್ಲು ಕಡಿಯುವನು. "ಏನೂ ಇಲ್ಲಲ್ಲಿ! ಸುಮ್ಮ ನಡೀರಿ!" ಎಂದು ಕೂಗುವನು. ತಾನು ಮಾತ್ರ ಹಟಕ್ಕೆ ಬಿದ್ದು ಕಾಲು ಎಳೆದುಕೊಂಡೇ ನಡೆಯುವನು.

ಇಬ್ಬರಲ್ಲಿ ಯಾರು ಗೆಲ್ಲುತ್ತಾರೆ ಎಂದು ನಾನು ವರ್ಷಗಟ್ಟಲೆ ಕಾದೆ. ಗೆದ್ದವನು ಮಾವ. ಆ ಸುದ್ದಿಯನ್ನು ಅವನೇ ನನಗೆ ಫೋನಿನಲ್ಲಿ ಹೇಳಿದ.

"ನಿಮ್ಮಕ್ಕ ಇವತ್ತು ಕಾಲು ಎತ್ತಲಿಲ್ಲೋ."

"ಅಂದ್ರ?"

"ಸೀದಾ ನಡದ್ಲು. ಕುಂಕುಮನೂ ಇಟ್ಟಿಲ್ಲ."

"ಗೆದ್ರಲ್ರೀ ಮಾವಾ! ಪೇಢೆ ಹಂಚ್ರಿ!" ಎಂದೆ. ಆ ಕಡೆಯ ದನಿ ಗೆದ್ದವನದಾಗಿರಲಿಲ್ಲ. ಅವನು ಹೇಳಿದ: "ಸಕ್ರಿ ಡಬ್ಬಿ ಮುಂದ ಹಿಡ್ಕೊಂಡು, ಸಕ್ರಿ ಎಲ್ಲಿ ಅಂತ ಕೇಳ್ಲಿಕತ್ತಾಳ."

ಕಲಬುರಗಿಯ ಡಾಕ್ಟರು ತಲೆಯ ಫೋಟೊ ತೆಗೆಸಿ, ನೆನಪು ಹೀಗೇ ಕರಗುತ್ತ ಹೋಗುತ್ತದೆ, ಔಷಧದಿಂದ ನಿಧಾನ ಮಾಡಬಹುದೇ ಹೊರತು ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಮೊದಲು ಸಕ್ಕರೆ ಹೋಯಿತು. ನೆಂಟರ ಹೆಸರು ಹೋದವು. ಶಹಾಬಾದು ಹೋಯಿತು. ಉಳಿದದ್ದು ಚಿಂಚೋಳಿ ಮತ್ತು ಅವ್ವ. "ಊರಿಗಿ ಹೋಗ್ತೀನಿ, ಅವ್ವ ಹಾದಿ ನೋಡ್ಲಿಕತ್ತಾಳ," ಎಂದು ಎದ್ದು ಹೊರಡುವಳು. ಎದ್ದವಳನ್ನು ತಡೆಯಲು ಆ ಮನೆಯಲ್ಲಿ ಏನಿತ್ತು? ಒಳಗೆ ಗೋಡೆಯಿಲ್ಲ, ಕೋಣೆಯಿಲ್ಲ. ನಡಿಗೆ ತುಂಡಾಗದಿರಲಿ ಎಂದು ಕಟ್ಟಿದ ಮನೆ, ನಡಿಗೆಯನ್ನು ತುಂಡು ಮಾಡದೆ ಸೀದಾ ಲಾರಿಗಳ ರಸ್ತೆಗೆ ತಂದು ಬಿಡುತ್ತಿತ್ತು. ಒಮ್ಮೆ ಲಾರಿಯವನು ಬ್ರೇಕು ತುಳಿದು ಬೈದದ್ದು ಇಡೀ ಓಣಿಗೆ ಕೇಳಿಸಿತು.

"ಬಾಗಲಿಗಿ ಕೀಲಿ ಹಾಕ್ರಿ ಮಾವಾ," ಎಂದೆ.

"ಹಾಕಿದ್ದೆ," ಎಂದ. ಅಕ್ಕನ ಕೈ ತೋರಿಸಿದ. ಅವ್ವಾ ಅವ್ವಾ ಎಂದು ಬಾಗಿಲು ಬಡಿದೂ ಬಡಿದೂ ಎರಡೂ ಅಂಗೈ ಬಾತುಕೊಂಡಿದ್ದವು. "ಕೀಲಿ ಹಾಕಿದ್ರ ಅದು ಮನಿ ಅಲ್ಲೋ, ಜೇಲು."

ಹಗಲೆಲ್ಲ ಇಳಿಜಾರಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕುಂದ್ರತೊಡಗಿದ. ಮುದುಕ ಎಷ್ಟು ಹೊತ್ತು ಕಣ್ಣು ತೆರೆದಿರುತ್ತಾನೆ? ಒಂದು ಮಧ್ಯಾಹ್ನ ತೂಕಡಿಸಿದ. ಕಣ್ಣು ಬಿಟ್ಟರೆ ಮನೆ ಖಾಲಿ. ನಾನು ಅದೇ ಆಗ ರೈಲಿಳಿದು ಬಂದವನು, ಇಬ್ಬರೂ ರಸ್ತೆಗೆ ಓಡಿದೆವು. ಎಷ್ಟು ಚೇಷ್ಟೆ ಮಾಡಿದ ಬಾಯಿ ಇದು, ಆ ಹೊತ್ತಿಗೆ ಬರುವ ಲಾರಿಗಳಿಗೆಲ್ಲ ನಿಲ್ಲಿಸಿ ಎಂದು ಕೂಗಿತು.

ಪಕ್ಕದ ಮನೆಯಿಂದ, ಓಣಿಯವರೆಲ್ಲ ಆಪಾ ಎನ್ನುವ ಹೆಂಗಸು ಕೈಬೀಸಿ ಕರೆದಳು. "ಭಾಯಿಸಾಬ್, ಇಲ್ಲೇ ಅದಾರ್ರಿ. ಗಾಬ್ರಿ ಆಗಬ್ಯಾಡ್ರಿ. ನಮ್ಮ ಹೊಸ್ತಿಲಾ ಒರಸ್ಲಿಕತ್ತಾರ."

ಅಕ್ಕ ರಸ್ತೆಗೆ ಹೋಗಿರಲೇ ಇಲ್ಲ. ದಾರಿಯಲ್ಲಿ ಆಪಾನ ಬಾಗಿಲಿನ ಕಲ್ಲಿನ ಹೊಸ್ತಿಲು ಕಣ್ಣಿಗೆ ಬಿದ್ದಿದೆ. ಅಲ್ಲೇ ಕುಂತು, ಸೆರಗಿನಿಂದ ಒರೆಸಿ, ಹಚ್ಚಲು ಏನೂ ಇಲ್ಲದ್ದಕ್ಕೆ ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದು ಕಲ್ಲಿಗೆ ಹಚ್ಚಿದ್ದಳು. ಚಿಂಚೋಳಿಗೆ ಹೋಗುವುದು ಮರೆತೇಹೋಗಿತ್ತು. ಆಪಾ ಆ ಕುಂಕುಮವನ್ನು ಒರೆಸಲಿಲ್ಲ. "ಇರ್ಲಿ ಬಿಡ್ರಿ," ಅಂದಳು.

ಮಾವ ಆ ಕಲ್ಲನ್ನೇ ನೋಡುತ್ತ ನಿಂತ. ಜೀವಮಾನದಲ್ಲಿ ಮೊದಲ ಸಲ ಒಂದು ಕಟ್ಟಡವನ್ನು ನೋಡಿದವನ ಹಾಗೆ ನೋಡಿದ.

ಮರುದಿನವೇ ಕಲ್ಲಿನ ಖಣಿಗೆ ಹೋಗಿ ಒಂದು ದಪ್ಪ ಕಲ್ಲು ಆರಿಸಿ ತಂದ. ಗಾರೆ ಕೆಲಸದ ಗೌಂಡಿಯ ಪಕ್ಕದಲ್ಲಿ ಮೊಣಕಾಲೂರಿ ಕುಂತು, ಬಾಗಿಲಿಗೆ ಅಡ್ಡಲಾಗಿ ತಾನೇ ಮಟ್ಟ ಹಿಡಿದು ಕೂರಿಸಿದ. ಎಲ್ಲಿ ಗೊತ್ತೇ? ಅಕ್ಕ ವರ್ಷಾನುಗಟ್ಟಲೆ ಕುಂಕುಮ ಇಟ್ಟೂ ಇಟ್ಟೂ ಫರಸಿ ಕೆಂಪಗಾದ ಜಾಗದಲ್ಲಿ. ಅಳತೆ ಪಟ್ಟಿ ಬೇಕಾಗಲಿಲ್ಲ.

"ಏನ್ರೀ ಮಾವಾ, ನಿಮ್ಮ ತತ್ವ ಎಲ್ಲಿ ಹೋಯ್ತು?" ಎಂದು ಕೆಣಕಿದೆ. ಕೆಣಕದಿದ್ದರೆ ಅತ್ತುಬಿಡುತ್ತಿದ್ದೆ.

"ಎಲ್ಲೂ ಹೋಗಿಲ್ಲಲೇ. ಕೆಲಸಿಲ್ಲದ್ದು ಮನ್ಯಾಗ ಇರಬಾರ್ದು ಅಂದಿದ್ದೆ," ಎಂದು ಒದ್ದೆ ಸಿಮೆಂಟಿನ ಮೇಲೆ ಕೈಯಾಡಿಸಿದ. "ಇದಕ್ಕ ಕೆಲಸಾ ಅದ. ನನಗ ಗೊತ್ತಿದ್ದಿಲ್ಲ, ಅಷ್ಟೇ. ಆಕಿಗಿ ಗೊತ್ತಿತ್ತು, ಹೇಳ್ಲಿಕ್ಕಿ ಬರ್ತಿದ್ದಿಲ್ಲ."

ಈಗ ಅಕ್ಕ ಊರಿಗೆಂದು ಏಳುತ್ತಾಳೆ, ಬಾಗಿಲವರೆಗೆ ಬರುತ್ತಾಳೆ, ಹೊಸ್ತಿಲು ಕಾಣುತ್ತದೆ, ಕುಂದ್ರುತ್ತಾಳೆ. ಒರೆಸಿ, ಅರಿಷಿಣ ಕುಂಕುಮ ಹಚ್ಚುವಷ್ಟರಲ್ಲಿ ಎಲ್ಲಿಗೆ ಹೊರಟಿದ್ದೆ ಎನ್ನುವುದು ಹೋಗಿರುತ್ತದೆ. ಮಾವ ತಂಬಿಗೆಯಲ್ಲಿ ನೀರು ಹಿಡಿದು ಪಕ್ಕದಲ್ಲೇ ನಿಂತಿರುತ್ತಾನೆ. ಕುಂಕುಮದ ಬಟ್ಟಲು ಖಾಲಿಯಾಗದಂತೆ ನೋಡಿಕೊಳ್ಳುವುದು ಅವನ ನೌಕರಿ. ಎಷ್ಟು ದಿನ ನಡೆಯುತ್ತದೆ? ಕಾಲು ಎತ್ತುವುದು ಮರೆತಂತೆ ಇದೂ ಒಂದು ದಿನ ಮರೆತರೆ?

ಮೊನ್ನೆ ಹೋಗಿದ್ದೆ. ಅಕ್ಕ ಹೊಸ್ತಿಲ ಮುಂದೆ ಕುಂತು ಒರೆಸುತ್ತಿದ್ದಳು. ಇಳಿಜಾರಿನ ಕೆಳಗೆ ನಿಂತು ನನ್ನ ಹಳೆಯ ದನಿ ತೆಗೆದೆ: "ವಾಡಿ, ಚಿತ್ತಾಪುರ, ಸೇಡಂ! ಬರ್ರಿ, ಜಾಗಾ ಅದ!" ಅಕ್ಕ ತಲೆಯೆತ್ತಿ ನೋಡಿ ನಕ್ಕಳು. "ಬಾರೋ ತಮ್ಮಾ. ಮುದುಕ ಆದ್ರೂ ನಿನ್ನ ಹುಡುಗಾಟ ಹೋಗ್ಲಿಲ್ಲ ನೋಡು," ಎಂದಳು.

ಹೇಳಿ ಈಗ, ನಂಬಿದಿರಾ ಇಲ್ಲವಾ? ಭಜಿ ತಪ್ಪಿತಲ್ಲ!

ಇರಿ, ಒಂದು ಮಾತು. ಇದರಲ್ಲಿ ನಾನು ಕಟ್ಟಿದ್ದು ಒಂದೇ ಒಂದು. ಜಾರಿದ ತಾಟು ಖರೆ. ಬಸ್ಸೆಂದು ಕುಂತ ಮುದುಕಿ ಖರೆ. ಆಪಾ ಕುಂಕುಮ ಒರೆಸದೆ ಬಿಟ್ಟದ್ದು ಖರೆ, ಹೋಗಿ ನೋಡಿ, ಇನ್ನೂ ಇದೆ. 'ಬಾರೋ ತಮ್ಮಾ' ಎಂದದ್ದು ಮಾತ್ರ ನಾನು ಕಟ್ಟಿದ್ದು. ಅಕ್ಕ ತಲೆಯೆತ್ತಿ, ಪರವೂರಿನ ಗಂಡಸು ಬಂದಾಗ ಮಾಡುವ ಹಾಗೆ ಸೆರಗು ಹೊದ್ದುಕೊಂಡು, ಮೆಲ್ಲಗೆ ಹೇಳಿದ್ದು ಇಷ್ಟು: "ಒಳಗ ಬರ್ರಿ. ಹೊಸ್ತಿಲಾ ತುಳೀಬ್ಯಾಡ್ರಿ, ಈಗ ಒರಸೀನಿ."

ತುಳಿಯಲಿಲ್ಲ. ಕಾಲು ಎತ್ತಿ ದಾಟಿದೆ. ಎಷ್ಟು ಎತ್ತಬೇಕೋ ಅದಕ್ಕಿಂತ ಹೆಚ್ಚೇ ಎತ್ತಿದೆ.