ಸದ್ದಿಲ್ಲದ ಸಂಗೀತ

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತ ಹೇಳಿಕೊಡುತ್ತಿದ್ದೆ. ಅಲ್ಲಿ ನನಗೆ ನಗು ಬಂದದ್ದೆಲ್ಲ ನಗಬಾರದ ಹೊತ್ತಿನಲ್ಲೇ. ಕೊತ್ತತ್ತಿಯ ಒಬ್ಬ ಹುಡುಗಿಯ ವಿಷಯದಲ್ಲಂತೂ ಸೆರಗು ಬಾಯಿಂದ ತೆಗೆದದ್ದೇ ಕಡಿಮೆ.

ಅಪ್ಪನ ಆಯ್ಕೆ

ಕೊನೆಯ ವರ್ಷದ ಸಂಗೀತ ಪರೀಕ್ಷೆಗೆ ಎರಡು ದಾರಿ. ಕಲಿತ ಕೀರ್ತನೆಯೊಂದನ್ನು ಪರೀಕ್ಷಕರೆದುರು ಹಾಡಬೇಕು. ಇಲ್ಲವೇ ಕೊಟ್ಟ ಪದ್ಯಕ್ಕೆ ಸ್ವಂತವಾಗಿ ರಾಗ ಹಾಕಿ ಸ್ವರ ಬರೆದುಕೊಡಬೇಕು. ಹುಡುಗಿ ಪಾಸಾದರೆ ಟೀಚರ್ ಟ್ರೈನಿಂಗು, ಫೇಲಾದರೆ ಸೋದರತ್ತೆ ಮಗನ ಜೊತೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ವರ್ಷವೇ ಅವಳ ತಾಯಿ ತೀರಿಕೊಂಡಿದ್ದರು. ಊರಿನ ಮದುವೆಗಳಲ್ಲಿ ಸೋಬಾನೆ ಎತ್ತುತ್ತಿದ್ದುದು ಆಕೆಯೇ.

ಅಪ್ಪನನ್ನು ಕರೆಸಿ ಎರಡನ್ನೂ ವಿವರಿಸಿದೆ. ಬೇಸಾಯದ ಮನುಷ್ಯ, ಗಂಭೀರವಾಗಿ ಕೇಳಿದರು:

"ಮೇಡಮ್ಮೋರೆ, ಎಲ್ಡ್ರಲ್ಲಿ ಸದ್ದಿಲ್ದೇ ಇರೋದು ಯಾವ್ದು? ವರ್ಸ ತುಂಬೋಗಂಟ ನಮ್ಮನೇಲಿ ಪದ ಏಳಂಗಿಲ್ಲ."

"ರಾಗ ಹಾಕೋದು. ಅದು ಕಾಗದದ ಮೇಲೆ."

"ಅದ್ನೇ ಬರ್ಕಳಿ. ಸಂಗೀತ ಕಲೀಲಿ, ಸದ್ದು ಮಾತ್ರ ಬ್ಯಾಡ."

ಅಜ್ಜಿಯ ಮಾರ್ಕ್ಸು

ಅಭ್ಯಾಸಕ್ಕೆಂದು ದೇವರ ಸ್ತುತಿ ಕೊಟ್ಟೆ, ಮಳೆಯ ಪದ್ಯ ಕೊಟ್ಟೆ. ಯಾವುದನ್ನು ಕೊಟ್ಟರೂ ಅವಳು ಹಾಕುತ್ತಿದ್ದುದು ಒಂದೇ ಸೋಬಾನೆಯ ಧಾಟಿ. ಗಣಪತಿಯೂ ಹಸೆಮಣೆಯ ಮೇಲೆ ಬಂದು ಕೂರುತ್ತಿದ್ದ.

"ಇದು ನಿನ್ನ ಸ್ವಂತದ್ದೇನೆ?"

"ಅವ್ವಂದು ಮಿಸ್."

"ಅವ್ವಂಗೆ ಯಾರು ಹೇಳಿಕೊಟ್ಟಿದ್ದು?"

"ಅಜ್ಜಿ."

"ಹಾಗಾದ್ರೆ ಮಾರ್ಕ್ಸೂ ಅಜ್ಜಿಗೇ ಹೋಗುತ್ತೆ ಕಣೆ!"

ಅವಳು ನಗಲಿಲ್ಲ. "ಬ್ಯಾರೇದು ಬರೋದೇ ಇಲ್ಲ ಮಿಸ್. ಕಣ್ಮುಚ್ಚಿದ್ರೆ ಅವ್ವನ್ ದನೀನೇ" ಎಂದು ಅತ್ತಳು.

ಗದ್ದೆಗೆ ಸೂತಕವಿಲ್ಲ

ಆಯ್ಕೆ ಬದಲಿಸಲು ಇನ್ನೂ ಅವಕಾಶವಿತ್ತು. ಕೊತ್ತತ್ತಿಗೇ ಹೋಗಿ, "ಇವಳು ಹಾಡದಿದ್ದರೆ ಫೇಲು" ಎಂದು ಅಪ್ಪನಿಗೆ ಹೇಳಿದೆ. ಅವರು ಎದ್ದು ಹೆಗಲ ಟವೆಲ್ಲಿನಿಂದ ಹೆಂಡತಿಯ ಫೋಟೋ ಒರೆಸಿದರು.

"ಮನೇಲಿ ಬ್ಯಾಡ. ಗದ್ದೆ ತಾವ ಪದ ಏಳ್ಕಳ್ಳಿ. ಗದ್ದೆಗ್ಯಾವ ಸೂತ್ಕ?"

ಅಂದಿನಿಂದ ನಾಲೆ ಏರಿಯ ಮೇಲೆ ಕೀರ್ತನೆಯ ಅಭ್ಯಾಸ. ಇವಳು ಒಂದು ಸಾಲು ಹಾಡಿದರೆ, ಕೆಳಗೆ ನಾಟಿ ಹಾಕುತ್ತಿದ್ದ ಹೆಂಗಸರು ಸೋಬಾನೆಯ ವಾಡಿಕೆಯಂತೆ ಅದನ್ನೇ ಎತ್ತಿಕೊಂಡು ಹಾಡುತ್ತಿದ್ದರಂತೆ. ಅಪ್ಪ ಮಾತ್ರ ಬದುವಿನ ಮೇಲೆ ಬಾಯಿ ಬಿಗಿದು ನಿಂತಿರುತ್ತಿದ್ದರಂತೆ. ಆ ನಾಟಿ ಮುಗಿಯುವ ಹೊತ್ತಿಗೆ ಗದ್ದೆಯೂ ಪರೀಕ್ಷೆಗೆ ತಯಾರಾಗಿತ್ತು.

ಕಿಟಕಿಯವರು

ಪರೀಕ್ಷಕರು ಶಾಲು ಹೊದ್ದು, ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಅಪ್ಪ ಹೊರಗೆ ಕಿಟಕಿಯ ಹತ್ತಿರ ನಿಂತಿದ್ದರು. ಹುಡುಗಿ ಪಲ್ಲವಿಯ ಮೊದಲ ಸಾಲು ಹಾಡಿ ನಿಲ್ಲಿಸಿದಳು. ಮತ್ತೆ ಅದನ್ನೇ ಹಾಡಿದಳು, ಮತ್ತೆ ನಿಲ್ಲಿಸಿದಳು.

"ಮರೆತುಹೋಯಿತೇನಮ್ಮಾ?"

"ಇಲ್ಲ ಸಾ. ಈಗ ಅದೇ ಸಾಲ್ನ ನೀವು ಏಳ್ಬೇಕು."

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಹೋಯಿತು ಇವಳ ಟ್ರೈನಿಂಗು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಆಗ ಕಿಟಕಿಯಿಂದ ಒಂದು ಒಡಕು ದನಿ ಆ ಸಾಲನ್ನು ಎತ್ತಿಕೊಂಡಿತು. ಶ್ರುತಿಯಿಲ್ಲ, ತಾಳವಿಲ್ಲ, ಮಾತು ಮಾತ್ರ ಒಂದೂ ತಪ್ಪಿಲ್ಲ. ಮನೆಯಲ್ಲಿ ಪದ ಬೇಡವೆಂದಿದ್ದ ಅಪ್ಪ ಸರಳು ಹಿಡಿದು, ಕಣ್ಣೀರು ಸುರಿಸುತ್ತಾ ಹಾಡುತ್ತಿದ್ದರು. ಮಗಳು ಅಲ್ಲಿಂದ ಮುಂದೆ ಎಲ್ಲೂ ನಿಲ್ಲಲಿಲ್ಲ.

ಹಾಡು ಮುಗಿದ ಮೇಲೆ ಪರೀಕ್ಷಕರು ಶಾಲಿನ ತುದಿಯಿಂದ ಮೂಗು ಒರೆಸಿಕೊಂಡರು. "ಹುಡುಗಿ ಪಾಸು. ಕಿಟಕಿಯವರು ಮುಂದಿನ ವರ್ಷ ಬರಲಿ" ಎಂದರು.

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅಷ್ಟೇ ಗಂಭೀರವಾಗಿ ಹೇಳಿದರು:

"ಬತ್ತೀನಿ ಸಾ. ನಂಗೆ ಸದ್ದಿರೋದ್ನೇ ಬರ್ಕಳಿ."